ನೊಬೆಲ್ ಬಂದ ಮರುವರ್ಷ

1913ರ ನವೆಂಬರ್ 23, ಭಾನುವಾರ. ಕಲ್ಕತ್ತಾದಿಂದ ಬೋಲ್ಪುರಕ್ಕೆ ಒಂದು ವಿಶೇಷ ರೈಲು ಹೊರಟಿತು. ಅದರಲ್ಲಿ ಸುಮಾರು ಐನೂರು ಜನ. ವಕೀಲರು, ಪತ್ರಕರ್ತರು, ಪ್ರೊಫೆಸರರು, ಸಾಹಿತ್ಯ ಪರಿಷತ್ತಿನವರು. ಜೊತೆಗೆ ವಿಜ್ಞಾನಿ ಜಗದೀಶಚಂದ್ರ ಬೋಸ್ ಕೂಡ ಇದ್ದರು. ರವೀಂದ್ರನಾಥ ಟಾಗೋರರಿಗೆ ನೊಬೆಲ್ ಬಂದ ಸುದ್ದಿ ಊರಿಗೆ ತಲುಪಿ ಇನ್ನೂ ಹತ್ತು ದಿನ ಆಗಿರಲಿಲ್ಲ. ಹಾರ ಹಾಕಿ, ಮಾನಪತ್ರ ಓದಿ, ಸಂಜೆಯ ಹೊತ್ತಿಗೆ ವಾಪಸಾಗುವುದು ಅವರ ಎಣಿಕೆ.

ಶಾಂತಿನಿಕೇತನದ ಮಾವಿನ ತೋಪಿನಲ್ಲಿ ಕವಿ ಎದ್ದು ನಿಂತು ಆಡಿದ ಮಾತು ಬಂದವರ ಮುಖ ಬಾಡಿಸಿತು. ಇಷ್ಟು ವರ್ಷ ತಮ್ಮ ಬರಹಕ್ಕೆ ನಿಂದೆಯನ್ನೇ ಕೊಟ್ಟವರು ಈಗ ಸಮುದ್ರದಾಚೆಯವರ ಮೆಚ್ಚುಗೆ ಕೇಳಿ ಓಡಿ ಬಂದಿದ್ದಾರೆ. ಈ ಸನ್ಮಾನದ ಬಟ್ಟಲನ್ನು ತುಟಿಗೆ ಮುಟ್ಟಿಸಬಲ್ಲೆ, ಕುಡಿಯಲಾರೆ ಎಂಬ ಅರ್ಥದ ಮಾತದು. ಬಂಗಾಳದ ಪತ್ರಿಕೆಗಳು ತಿಂಗಳುಗಟ್ಟಲೆ ಇದನ್ನೇ ಜಗಿದವು. ಅಹಂಕಾರ ಎಂದರು, ಅತಿಥಿಗಳಿಗೆ ಅವಮಾನ ಎಂದರು.

ಆ ಗದ್ದಲದಲ್ಲಿ ದಿನಾಂಕವನ್ನು ಯಾರೂ ಗಮನಿಸಲಿಲ್ಲ. ರವೀಂದ್ರರ ಹೆಂಡತಿ ಮೃಣಾಲಿನಿ ದೇವಿ ತೀರಿಕೊಂಡದ್ದು 1902ರ ನವೆಂಬರ್ 23ರಂದು. ಕಿರಿಯ ಮಗ ಶಮೀಂದ್ರನಾಥ ಹನ್ನೊಂದನೆಯ ವಯಸ್ಸಿಗೆ ತೀರಿಕೊಂಡದ್ದು 1907ರ ನವೆಂಬರ್ 23ರಂದು. ನಡುವೆ 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ ದೇವೇಂದ್ರನಾಥ. ತಾಯಿ ಮತ್ತು ಮಗನ ಶ್ರಾದ್ಧದ ದಿನವೇ ಹಾರ ಹಿಡಿದ ಐನೂರು ಜನ ಬಂದಿಳಿದಿದ್ದರು. ಕವಿಯ ಕಹಿಗೆ ಇದೊಂದೇ ಕಾರಣ ಎನ್ನುವಂತಿಲ್ಲ. ಹಳೆಯ ಟೀಕೆಯ ನೋವು ನಿಜವಾದದ್ದೇ. ಆದರೂ ಅಂದು ಅಲ್ಲಿ ನಿಂತಿದ್ದದ್ದು ಗೆದ್ದ ಮನುಷ್ಯನಲ್ಲ ಎಂಬುದು ಮರುವರ್ಷ ಗೊತ್ತಾಯಿತು. ಗೊತ್ತಾದದ್ದೂ ಮೂರೋ ನಾಲ್ಕೋ ಜನರಿಗೆ ಮಾತ್ರ.

1914ರ ಮೇ ತಿಂಗಳಲ್ಲಿ ರವೀಂದ್ರರು ಕುಮಾವೂನ್ ಬೆಟ್ಟದ ರಾಮಗಢದಲ್ಲಿದ್ದರು. ಅಲ್ಲಿಂದ ಸ್ನೇಹಿತ ಸಿ. ಎಫ್. ಆಂಡ್ರೂಸರಿಗೆ ಬರೆದ ಕಾಗದಗಳಲ್ಲಿ ಬೆಟ್ಟದ ಚೆಲುವೂ ಇದೆ, ಒಳಗಿನ ಒಂದು ಕಾದಾಟವೂ ಇದೆ. ಆಂಡ್ರೂಸರು 1928ರಲ್ಲಿ ಈ ಪತ್ರಗಳನ್ನು ಪುಸ್ತಕವಾಗಿ ತಂದಾಗ, ಬರಲಿದ್ದ ಮಹಾಯುದ್ಧದ ನೆರಳು ಕವಿಯ ಮನಸ್ಸಿಗೆ ಮೊದಲೇ ತಾಕಿತ್ತು ಎಂಬಂತೆ ವಿವರಿಸಿದರು. ಸ್ನೇಹದಿಂದ ಹುಟ್ಟಿದ ವಿವರಣೆ ಅದು. ಕವಿಯೆಂದರೆ ಮುಂದಿನದನ್ನು ಕಾಣುವವನು ಎಂದುಕೊಂಡವರಿಗೆ ಹಿತವಾಗಿಯೂ ಕೇಳಿಸುತ್ತದೆ. ಆದರೆ ಅದೇ ಸೆಪ್ಟೆಂಬರಿನಲ್ಲಿ ಮಗ ರಥೀಂದ್ರನಾಥನಿಗೆ ತಂದೆ ಬರೆದ ಬಂಗಾಳಿ ಪತ್ರದಲ್ಲಿ ಯುದ್ಧವೂ ಇಲ್ಲ, ಭವಿಷ್ಯವಾಣಿಯೂ ಇಲ್ಲ. ಹಗಲೂ ರಾತ್ರಿ ಸಾವಿನ ಯೋಚನೆ, ಸಾಯಬೇಕೆಂಬ ಆಸೆ ಬೆನ್ನಟ್ಟಿದೆ. ತನ್ನಿಂದ ಏನೂ ಆಗಲಿಲ್ಲ, ಆಗುವುದೂ ಇಲ್ಲ. ಬದುಕು ಮೊದಲಿನಿಂದ ಕೊನೆಯವರೆಗೆ ವ್ಯರ್ಥ. ಉಳಿದವರ ಮೇಲೂ ನಂಬಿಕೆ ಹೋಗಿದೆ. ಇವು ಆ ಪತ್ರದ ಸಾರ. ತನ್ನನ್ನು ತಾನೇ ಮುಗಿಸಿಕೊಳ್ಳುವ ಅಂಚಿಗೆ ಬಂದು ಕೂತಿದ್ದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಇದು ಕೆಟ್ಟ ಕನಸಿನಂತೆ, ಇದರಿಂದ ಹೊರಗೆ ಬರುತ್ತೇನೆ ಎಂಬ ಭರವಸೆಯನ್ನೂ ಮಗನಿಗೆ ಕೊಟ್ಟರು.

ಐವತ್ಮೂರು ವರ್ಷದ ತಂದೆ ಇಪ್ಪತ್ತೈದು ವರ್ಷದ ಮಗನಿಗೆ ಬರೆದದ್ದು ಇದು. ಜಗತ್ತಿನ ಅತಿ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂದು ಹತ್ತು ತಿಂಗಳಾಗಿತ್ತು. ಇಂದು ಯಾವ ಮನೋವೈದ್ಯರ ಮುಂದೆ ಈ ಕಾಗದ ಇಟ್ಟರೂ ಒಂದು ಹೆಸರು ಸಿಗುತ್ತದೆ. ಅಂದು ಮನೆಮಾತಿನಲ್ಲಿ ಇದ್ದದ್ದು 'ಮನ್ ಖಾರಾಪ್' ಎಂಬ ಎರಡು ಪದ. ನಮ್ಮಲ್ಲಿ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಮಂಕು ಕವಿದಿದೆ ಎನ್ನುತ್ತಿದ್ದರಲ್ಲ, ಹಾಗೆ. ಇನ್ನು ಕಾನೂನಿನ ಬಳಿ ಇದ್ದದ್ದು 1860ರ ದಂಡಸಂಹಿತೆಯ 309ನೆಯ ಕಲಮು. ಸಾಯಲು ಯತ್ನಿಸಿ ಬದುಕುಳಿದವರಿಗೆ ಅದು ಸೆರೆಮನೆ ತೋರಿಸುತ್ತಿತ್ತು.

ಆ ಕತ್ತಲ ತಿಂಗಳುಗಳಲ್ಲಿ ಅವರ ಲೇಖನಿ ನಿಲ್ಲಲಿಲ್ಲ ಎಂಬುದು ನಿಜ. ಆದರೆ ಅದರಿಂದ ನೋವೇ ಕಲೆಯ ತಾಯಿ ಎಂಬ ತೀರ್ಮಾನಕ್ಕೆ ಹಾರಬೇಕಾಗಿಲ್ಲ. ಎಷ್ಟೋ ಜನರಿಗೆ ಇದೇ ನೋವು ಬಂದು ಒಂದು ಸಾಲೂ ಹುಟ್ಟಲಿಲ್ಲ. ರವೀಂದ್ರರಿಗೆ ಅಂದು ಒದಗಿಬಂದದ್ದು ಒಂದು ಪತ್ರಿಕೆ ಮತ್ತು ಅದರ ಗಡುವು. ಅವರ ಅಣ್ಣನ ಮಗಳು ಇಂದಿರಾ ದೇವಿಯ ಗಂಡ ಪ್ರಮಥ ಚೌಧುರಿ 1914ರ ವೈಶಾಖದಲ್ಲಿ 'ಸಬುಜ್ ಪತ್ರ' ಶುರು ಮಾಡಿದ್ದರು. ಹಸಿರೆಲೆ ಎಂದು ಅರ್ಥ. ಜಾಹೀರಾತಿಲ್ಲ, ಚಿತ್ರವಿಲ್ಲ, ಗ್ರಾಂಥಿಕ ಬಂಗಾಳಿಯ ಬಿಗುವೂ ಬೇಡ, ಆಡುಮಾತಿನಲ್ಲಿ ಬರೆಯೋಣ ಎಂದು ಹೊರಟ ಪತ್ರಿಕೆ. ತಿಂಗಳು ತಿಂಗಳೂ ಅದಕ್ಕೆ ಏನಾದರೂ ಕೊಡಬೇಕು. ಹಾಗೆ ಕೊಟ್ಟವುಗಳಲ್ಲಿ ಒಂದು ಶ್ರಾವಣದ ಸಂಚಿಕೆಯಲ್ಲಿ ಬಂದ 'ಸ್ತ್ರೀರ್ ಪತ್ರ', ಹೆಂಡತಿಯ ಪತ್ರ. ಅಂದರೆ ಮಗನಿಗೆ ಆ ಕಾಗದ ಬರೆಯುವ ಒಂದೆರಡು ತಿಂಗಳ ಮುಂಚೆ.

ಕಲ್ಕತ್ತಾದ 27, ಮಾಖನ್ ಬಡಾಲ್ ಗಲ್ಲಿಯ ಒಂದು ಮನೆಯ ಎರಡನೆಯ ಸೊಸೆ ಮೃಣಾಲ್. ಹದಿನೈದು ವರ್ಷದ ಸಂಸಾರ. ತೀರ್ಥಯಾತ್ರೆಗೆಂದು ಪುರಿಗೆ ಹೋದವಳು ಅಲ್ಲಿಂದ ಗಂಡನಿಗೆ ಮೊದಲ ಬಾರಿ ಪತ್ರ ಬರೆಯುತ್ತಾಳೆ. ಆ ಮನೆಗೆ ಮರಳಿ ಬರುವುದಿಲ್ಲ ಎಂದು. ಆ ಮನೆಯಲ್ಲಿ ಬಿಂದು ಎಂಬ ಅನಾಥ ಹುಡುಗಿಯಿದ್ದಳು. ಯಾರಿಗೂ ಬೇಡದವಳು. ಭಾರ ಕಳೆದುಕೊಳ್ಳಲು ಹುಚ್ಚು ಹಿಡಿದವನೊಬ್ಬನಿಗೆ ಕಟ್ಟಿದರು. ಅವಳು ಓಡಿ ಬಂದಳು, ಮತ್ತೆ ಅಟ್ಟಿದರು, ಕೊನೆಗೆ ಅವಳು ತನ್ನ ಬದುಕನ್ನೇ ಮುಗಿಸಿಕೊಂಡಳು. ಬಿಂದುವಿನ ದಾರಿ ಮೃಣಾಲಳ ಮುಂದೆಯೂ ಇದೆ. ಆದರೆ ಪತ್ರದ ಕೊನೆಯಲ್ಲಿ ಮೃಣಾಲ್ ಗಂಡನಿಗೆ ಹೇಳುವುದು, ತಾನು ಸಾಯಹೊರಟಿದ್ದೇನೆಂದು ಹೆದರಬೇಡಿ, ಆ ಹಳೆಯ ತಮಾಷೆ ತಾನು ಮಾಡುವುದಿಲ್ಲ, ಬದುಕುತ್ತೇನೆ ಎಂದು. ಸಾವಿನ ಯೋಚನೆಯಿಂದ ಮುತ್ತಿಗೆಗೆ ಒಳಗಾಗಿದ್ದ ಮನುಷ್ಯ ಆ ಮಾತನ್ನು ಒಬ್ಬ ಹೆಂಗಸಿನ ಬಾಯಲ್ಲಿ ಆಡಿಸಿದ್ದ. ಇದು ಅಂದಿನ ಓದುಗರಿಗೆ ಗೊತ್ತಿರುವ ಸಾಧ್ಯತೆ ಇರಲಿಲ್ಲ.

ಅವರಿಗೆ ಕಂಡದ್ದು ಬೇರೆಯೇ. ಗೃಹಲಕ್ಷ್ಮಿಯೊಬ್ಬಳು ಹೊಸಿಲು ದಾಟಿದ್ದಳು. ಚಿತ್ತರಂಜನ ದಾಸರ 'ನಾರಾಯಣ' ಪತ್ರಿಕೆ ಆ ವರ್ಷದ ಕೊನೆಗೆ ಶುರುವಾಯಿತು. ಬಿಪಿನ್ ಚಂದ್ರ ಪಾಲ್ ಅದರಲ್ಲಿ 'ಮೃಣಾಲೇರ್ ಕಥಾ' ಎಂಬ ಉತ್ತರ ಬರೆದರು. ಲಾಲ್-ಬಾಲ್-ಪಾಲ್ ತ್ರಿಮೂರ್ತಿಗಳಲ್ಲಿ ಒಬ್ಬರಾದ ಅದೇ ಪಾಲ್. ಅವರ ಮೃಣಾಲ್ ಪಶ್ಚಾತ್ತಾಪದಿಂದ ಮೆತ್ತಗಾಗಿ ಗಂಡನ ಕಡೆಗೆ ತಿರುಗುತ್ತಾಳೆ. ಒಬ್ಬ ಲೇಖಕ ಬರೆದ ಪಾತ್ರವನ್ನು ಇನ್ನೊಬ್ಬ ಲೇಖಕ ಕೈ ಹಿಡಿದು ಮನೆಗೆ ವಾಪಸು ಕರೆತರುವುದು ಸಾಹಿತ್ಯದ ಇತಿಹಾಸದಲ್ಲಿ ಅಪರೂಪ. ದೇಶಕ್ಕೆ ಸ್ವರಾಜ್ಯ ಬೇಡಿದವರಿಗೆ ಮಾಖನ್ ಬಡಾಲ್ ಗಲ್ಲಿಯ ಸೊಸೆಯ ಸ್ವರಾಜ್ಯ ತಡೆಯಲಿಲ್ಲ.

ಬಿಂದುವಿನ ಹಿಂದೆ ಜೋಡಾಸಾಂಕೊ ಮನೆಯದೇ ಒಂದು ನೆರಳಿದೆ ಎಂದು ಬಹಳ ಜನ ಬರೆದಿದ್ದಾರೆ. ಅಣ್ಣ ಜ್ಯೋತಿರಿಂದ್ರನಾಥನ ಹೆಂಡತಿ ಕಾದಂಬರಿ ದೇವಿ 1884ರ ಏಪ್ರಿಲ್‌ನಲ್ಲಿ ತಾನಾಗಿ ಪ್ರಾಣ ಬಿಟ್ಟಳು. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು, ಮೈದುನ ರವೀಂದ್ರನಿಗೆ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ. ಬಾಲ್ಯದ ಆಟದ ಜೊತೆಗಾತಿ, ಮೊದಲ ಕವಿತೆಗಳ ಮೊದಲ ಓದುಗಿ, ಬಿಗಿಯಾದ ವಿಮರ್ಶಕಿ. (ಕನ್ನಡದಲ್ಲಿ ಆ ಹೆಸರಿನ ಅರ್ಥವೇ ಬೇರೆ, ಬಂಗಾಳಿಗಳು ನಮ್ಮ 'ಕಾದಂಬರಿ'ಗೆ 'ಉಪನ್ಯಾಸ' ಎನ್ನುತ್ತಾರೆ.) ಮನೆತನ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಅವಳ ಬಗ್ಗೆ ಇಂದಿಗೂ ಸಿನಿಮಾಗಳೂ ಕಲ್ಪಿತ ಮರಣಪತ್ರಗಳೂ ಬಂಗಾಳದಲ್ಲಿ ಮಾರಾಟವಾಗುತ್ತವೆ, ಎಲ್ಲದಕ್ಕೂ ಪ್ರೇಮದ ಮಸಾಲೆ ಹಚ್ಚಿ. ಮಕ್ಕಳಿಲ್ಲದ, ದೊಡ್ಡ ಮನೆಯ ಒಳಗೆ ಒಂಟಿಯಾದ ಒಬ್ಬ ಹೆಣ್ಣಿಗೆ ಕಾಯಿಲೆಯೂ ಇದ್ದಿರಬಹುದು ಎಂಬ ಸರಳ ಯೋಚನೆಗೆ ಆ ಮಸಾಲೆ ಜಾಗ ಬಿಡುವುದಿಲ್ಲ. ಅವಳಿಗೆ ರಾಮಗಢದ ಬೆಟ್ಟ ಇರಲಿಲ್ಲ, ಪತ್ರ ಬರೆಯಲು ಒಬ್ಬ ಆಂಡ್ರೂಸ್ ಇರಲಿಲ್ಲ. ಮೂವತ್ತು ವರ್ಷದ ಮೇಲೆ ಮೈದುನನಿಗೆ ಅದೇ ಕತ್ತಲು ಬಂದಾಗ ಎರಡೂ ಇದ್ದವು.

1914ರ ಶರತ್ಕಾಲಕ್ಕೆ ಕತ್ತಲು ಸ್ವಲ್ಪ ಸರಿದಂತೆ ಕಾಣುತ್ತದೆ. ಬೋಧಗಯೆ, ಅಲಹಾಬಾದ್ ಎಂದು ತಿರುಗಾಟ, ದಿನಕ್ಕೆರಡು ಮೂರು ಹಾಡು. ಮಾರ್ಗಶಿರದಿಂದ ಫಾಲ್ಗುಣದವರೆಗೆ 'ಸಬುಜ್ ಪತ್ರ'ದ ನಾಲ್ಕು ಸಂಚಿಕೆಗಳಲ್ಲಿ 'ಚತುರಂಗ' ಬಂತು. ಗಾತ್ರದಲ್ಲಿ ಸಣ್ಣದು. ರವೀಂದ್ರರ ಕಾದಂಬರಿಗಳಲ್ಲಿ ಅತ್ಯಂತ ವಿಚಿತ್ರವಾದದ್ದು, ಬಹುಶಃ ಅತ್ಯುತ್ತಮವಾದದ್ದು. 'ಗೋರಾ' ಓದಿದ ಕನ್ನಡಿಗರಲ್ಲಿ ಅರ್ಧದಷ್ಟು ಜನರೂ ಇದನ್ನು ಓದಿರಲಾರರು.

ಅದರ ಶಚೀಶ ಕಲ್ಕತ್ತಾದ ಬುದ್ಧಿವಂತ ಹುಡುಗ. ದೊಡ್ಡಪ್ಪ ಜಗಮೋಹನ ಕಟ್ಟಾ ನಾಸ್ತಿಕ. ಊರಿಗೆ ಪ್ಲೇಗ್ ಬಂದಾಗ ಮನೆಯನ್ನೇ ಬಡ ಮುಸಲ್ಮಾನ ಚರ್ಮಕಾರರ ಆಸ್ಪತ್ರೆ ಮಾಡಿ, ಅದೇ ರೋಗದಲ್ಲಿ ಸಾಯುತ್ತಾನೆ. (ಕಲ್ಕತ್ತಾಕ್ಕೆ ಪ್ಲೇಗ್ ಬಂದದ್ದು 1898ರಲ್ಲಿ.) ದೊಡ್ಡಪ್ಪ ಹೋದ ಮೇಲೆ ಶಚೀಶ ಕಾಣೆಯಾಗುತ್ತಾನೆ. ಎರಡು ವರ್ಷದ ಮೇಲೆ ಸಿಕ್ಕಾಗ ಒಬ್ಬ ಸ್ವಾಮಿಯ ಕಾಲೊತ್ತುತ್ತ, ಕೀರ್ತನೆ ಹಾಡುತ್ತ ಕುಣಿಯುತ್ತಿರುತ್ತಾನೆ. ದುಃಖ ಒಬ್ಬ ಮನುಷ್ಯನನ್ನು ಅವನಲ್ಲದವನನ್ನಾಗಿ ಮಾಡುವ ಬಗೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪುಟಗಳು ಆ ಕಾಲದ ಭಾರತೀಯ ಸಾಹಿತ್ಯದಲ್ಲಿ ಕಡಿಮೆ.

ಇಲ್ಲಿಯೂ ಇಬ್ಬರು ಹೆಂಗಸರು. ಶಚೀಶನ ಅಣ್ಣನಿಂದ ಮೋಸಹೋದ ನನಿಬಾಲಾಳಿಗೆ ಜಗಮೋಹನ ಆಶ್ರಯ ಕೊಡುತ್ತಾನೆ, ಶಚೀಶ ಮದುವೆಯಾಗಲೂ ಒಪ್ಪುತ್ತಾನೆ. ಆದರೂ ಅವಳು ಉಳಿಯುವುದಿಲ್ಲ. ಒಳ್ಳೆಯತನ ಸಾಲದಾಗುವ ಜಾಗವೂ ಇದೆ ಎಂಬುದನ್ನು ಆ ಪ್ರಸಂಗ ಮುಲಾಜಿಲ್ಲದೆ ತೋರಿಸುತ್ತದೆ. ಇನ್ನೊಬ್ಬಳು ದಾಮಿನಿ, ವಿಧವೆ. ಗಂಡ ಸಾಯುವಾಗ ಮನೆಮಾರಿನ ಜೊತೆ ಹೆಂಡತಿಯನ್ನೂ ಸ್ವಾಮಿಗೆ ಒಪ್ಪಿಸಿ ಹೋಗಿದ್ದಾನೆ. ಅವಳು ಭಕ್ತಿಗೆ ಬಗ್ಗುವುದಿಲ್ಲ. ಶಚೀಶನನ್ನು ಬಯಸುತ್ತಾಳೆ, ಕತ್ತಲ ಗುಹೆಯಲ್ಲಿ ಅವನಿಂದ ಎದೆಗೆ ಒದೆ ತಿನ್ನುತ್ತಾಳೆ. ಕೊನೆಗೆ ಕಥೆ ಹೇಳುವ ಶ್ರೀವಿಲಾಸನನ್ನು ಮದುವೆಯಾಗಿ ಕಲ್ಕತ್ತಾದಲ್ಲಿ ಸಂಸಾರ ಹೂಡುತ್ತಾಳೆ. ಆ ಸಂಸಾರ ಬಹಳ ದಿನ ಬಾಳುವುದಿಲ್ಲ. ಎದೆಯ ನೋವು ಅವಳನ್ನು ಕೊಲ್ಲುತ್ತದೆ. ಆದರೆ ಸಾಯುವವಳಿಗೆ ಬದುಕಿನ ಆಸೆ ತೀರಿರುವುದಿಲ್ಲ, ಮುಂದಿನ ಜನ್ಮದಲ್ಲೂ ಇವನೇ ಸಿಗಲಿ ಎನ್ನುತ್ತಾಳೆ.

ವಿಧವಾ ವಿವಾಹದ ಕಾನೂನು 1856ರಲ್ಲೇ ಬಂದಿತ್ತು. ಆದರೂ 1915ರಲ್ಲಿ ಬಂಗಾಳದ ಭದ್ರಲೋಕದ ಮನೆಗಳಲ್ಲಿ ಅದು ಓದಿ ಮೆಚ್ಚುವ ಸಂಗತಿಯಾಗಿತ್ತೇ ಹೊರತು ಮಾಡುವ ಸಂಗತಿಯಾಗಿರಲಿಲ್ಲ. ಟಾಗೋರ್ ಮನೆತನದಲ್ಲಿ ಮೊದಲ ವಿಧವಾ ವಿವಾಹ ನಡೆದದ್ದು 1910ರಲ್ಲಿ. ವರ ರಥೀಂದ್ರನಾಥ, ವಧು ಬಾಲವಿಧವೆ ಪ್ರತಿಮಾ, ಮಾಡಿಸಿದವರು ರವೀಂದ್ರರು. ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅತಿ ಚಿಕ್ಕ ವಯಸ್ಸಿಗೇ ಮದುವೆ ಮಾಡಿಕೊಟ್ಟ ತಂದೆಯೂ ಇವರೇ. ರೇಣುಕಾಳ ಮದುವೆ ಆದಾಗ ಅವಳಿಗೆ ಹತ್ತೂವರೆ. ಮತ್ತೆ ಶುರುಮಾಡುವ ಹಕ್ಕು ಹೆಣ್ಣಿಗೂ ಇದೆ ಎಂಬುದು ಅವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆಯಲ್ಲ, ತಡವಾಗಿ ಕಲಿತದ್ದು.

1915ರ ವೈಶಾಖದಿಂದ 'ಘರೇ ಬಾಯಿರೇ' ಧಾರಾವಾಹಿಯಾಗಿ ಹೊರಟಿತು. ಇದು ಅವರು ಆಡುಮಾತಿನಲ್ಲಿ ಬರೆದ ಮೊದಲ ಕಾದಂಬರಿ. 1905ರ ಸ್ವದೇಶಿ ಚಳವಳಿಯ ಹಿನ್ನೆಲೆ. ಜಮೀನುದಾರ ನಿಖಿಲೇಶ, ಹೆಂಡತಿ ಬಿಮಲಾ, ಬೆಂಕಿಯ ಮಾತಿನ ಸಂದೀಪ. ಮೂವರೂ ಸರದಿಯ ಮೇಲೆ ತಮ್ಮ ತಮ್ಮ ಕಥೆ ಹೇಳುತ್ತಾರೆ. ತಿಂಗಳು ಕಳೆದಂತೆ ಓದುಗರ ಕೋಪ ಏರುತ್ತ ಹೋಯಿತು. ಸಂದೀಪ ಸೀತೆಯ ಬಗ್ಗೆ ಆಡಿದ ಹಗುರ ಮಾತನ್ನು ಲೇಖಕನದೇ ಮಾತೆಂದು ಹಿಡಿದರು. ಖಳನ ಮಾತಿಗೆ ಬರೆದವನ ಕಾಲರ್ ಹಿಡಿಯುವ ಅಭ್ಯಾಸಕ್ಕೆ ನೂರು ವರ್ಷದಲ್ಲಿ ವಯಸ್ಸಾಗಿಲ್ಲ.

ಆಗ ಬಂತು ಒಂದು ಪತ್ರ. ಬರೆದವರು ಒಬ್ಬ ಮಹಿಳೆ. ರವೀಂದ್ರರು ಅವರ ಹೆಸರನ್ನು ಹೊರಗೆಡವಲಿಲ್ಲ. ಕಾದಂಬರಿ ಇನ್ನೂ ಅರ್ಧದಲ್ಲಿತ್ತು. ಈ ಕಥೆಯ ಉದ್ದೇಶವೇನು, ಇದು ಬರೀ ಕಲ್ಪನೆಯೇ ಅಥವಾ ನಿಜದ ಅನುಭವವೇ, ಅನುಭವವಾದರೆ ಯಾವ ಬಗೆಯ ಮನೆಯದು ಎಂಬುದು ಪ್ರಶ್ನೆಯ ತಿರುಳು. ಉಳಿದವರು ತೀರ್ಪು ಕೊಡುತ್ತಿದ್ದಾಗ ಆಕೆ ಕೇಳಿದ್ದು ಪ್ರಶ್ನೆ. ರವೀಂದ್ರರು ಖಾಸಗಿಯಾಗಿ ಉತ್ತರ ಬರೆದು ಮುಗಿಸಬಹುದಿತ್ತು. ಮಾಡಲಿಲ್ಲ. ಮಾರ್ಗಶಿರದ 'ಸಬುಜ್ ಪತ್ರ'ದಲ್ಲಿ 'ಟೀಕಾ ಟಿಪ್ಪಣಿ' ಎಂಬ ಹೆಸರಿನಲ್ಲಿ, ಎಲ್ಲರೂ ಓದುವಂತೆ ಉತ್ತರಿಸಿದರು. ಕಥೆ ಬರೆಯುವುದೇ ಕಥೆಯ ಉದ್ದೇಶ. ಆದರೆ ಬರಹಗಾರ ಹುಟ್ಟಿದ ಕಾಲವು ಅವನಿಗೇ ಅರಿವಿಲ್ಲದಂತೆ ಅವನೊಳಗೆ ಕೆಲಸ ಮಾಡುತ್ತಿರುತ್ತದೆ, ತನ್ನ ಉದ್ದೇಶವನ್ನು ಅವನ ಮೂಲಕ ಮೂಡಿಸಿಕೊಳ್ಳುತ್ತದೆ ಎಂಬ ನಿಲುವಿನ ಉತ್ತರ ಅದು.

ಉತ್ತರ ಚೆನ್ನಾಗಿದೆ, ಸ್ವಲ್ಪ ನುಣುಚಿಕೊಂಡದ್ದೂ ಹೌದು. ಕಾಲ ಕೆಲಸ ಮಾಡುತ್ತದೆ, ಸರಿ. ಅದರ ಜೊತೆ ಕಳೆದ ವರ್ಷದ ಸೆಪ್ಟೆಂಬರೂ ಕೆಲಸ ಮಾಡಿತ್ತು. ಎಲ್ಲ ಕಳೆದುಕೊಂಡ ನಿಖಿಲೇಶ ಹೆಂಡತಿಯನ್ನು ಹಿಡಿದಿಡದೆ, ಶಪಿಸದೆ, ತನ್ನ ಬದುಕು ಪೊಳ್ಳೆಂದು ಅನಿಸಿದ ಮೇಲೂ ಮರುದಿನದ ಕೆಲಸಕ್ಕೆ ಏಳುತ್ತಾನಲ್ಲ, ಆ ಪುಟಗಳನ್ನು ಬರೀ ಸ್ವದೇಶಿ ಚಳವಳಿಯ ಟೀಕೆ ಎಂದು ಓದಿದರೆ ಅರ್ಧ ಕೈತಪ್ಪುತ್ತದೆ. ಆದರೆ ಇದನ್ನು ಕವಿ ಹೇಳಿಕೊಳ್ಳಬೇಕಿತ್ತು ಎಂದು ಬಯಸುವುದು ಅನ್ಯಾಯ. ಆ ಮಹಿಳೆ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಮಗನ ಪೆಟ್ಟಿಗೆಯೊಳಗಿನ ಒಂದು ಕಾಗದದಲ್ಲಿತ್ತು.

1916ರ ಜನವರಿಯಲ್ಲಿ ಜೋಡಾಸಾಂಕೊ ಮನೆಯಂಗಳದಲ್ಲಿ 'ಫಾಲ್ಗುಣಿ' ನಾಟಕ ಆಡಿದರು, ಬಾಂಕುಡಾ ಜಿಲ್ಲೆಯ ಬರ ಪರಿಹಾರಕ್ಕೆ ಹಣ ಕೂಡಿಸಲು. ಚಳಿಗಾಲವೆಂಬ ಮುದುಕನನ್ನು ಹಿಡಿಯಲು ಹೊರಟ ಹುಡುಗರಿಗೆ ಗುಹೆಯಿಂದ ಹೊರಗೆ ಬಂದವನು ವಸಂತನಾಗಿ ಕಾಣುವ ಕಥೆ. ಕುರುಡ ಬಾವುಲನ ಪಾತ್ರದಲ್ಲಿ ಕವಿ ಹಾಡಿದರು. ಮೇ 3ಕ್ಕೆ 'ತೋಸಾ ಮಾರು' ಹಡಗು ಹತ್ತಿ ಜಪಾನಿಗೆ ಹೋದರು. ಕತ್ತಲು ಮತ್ತೆ ಬರಲೇ ಇಲ್ಲ ಎಂದೇನೂ ಅಲ್ಲ. 1918ರಲ್ಲಿ ಹಿರಿಯ ಮಗಳು ಬೇಲಾ ಕ್ಷಯದಿಂದ ತೀರಿಕೊಂಡಳು.

ಈ ವರ್ಷಗಳಲ್ಲೇ ಜೋಡಾಸಾಂಕೊದಿಂದ ಅಷ್ಟೇನೂ ದೂರವಲ್ಲದ ಪಾರ್ಸಿಬಾಗಾನ್ ಗಲ್ಲಿಯ 14ನೆಯ ನಂಬರಿನ ಮನೆಯಲ್ಲಿ ಒಬ್ಬ ಡಾಕ್ಟರು ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಹೆಸರು ಗಿರೀಂದ್ರಶೇಖರ ಬೋಸ್. 1910ರಲ್ಲಿ ವೈದ್ಯ ಪದವಿ, ಆಮೇಲೆ ಕಲ್ಕತ್ತಾ ವಿಶ್ವವಿದ್ಯಾಲಯದ ಹೊಸ ಮನಶ್ಶಾಸ್ತ್ರ ವಿಭಾಗದಲ್ಲಿ ಎಂ.ಎ., 1921ರಲ್ಲಿ ದಮನದ ಕಲ್ಪನೆಯ ಮೇಲೆ ಡಿ.ಎಸ್ಸಿ. ಪ್ರಬಂಧ. ವಿಯೆನ್ನಾ ನೋಡದೆ, ಗುರುವಿಲ್ಲದೆ ಮನೋವಿಶ್ಲೇಷಣೆ ಕಲಿತ ಮನುಷ್ಯ. ಪ್ರಬಂಧವನ್ನು ಫ್ರಾಯ್ಡರಿಗೆ ಕಳಿಸಿದರು; ಪತ್ರವ್ಯವಹಾರ 1937ರವರೆಗೆ ನಡೆಯಿತು. 1922ರಲ್ಲಿ ಆ ಮನೆಯಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಹುಟ್ಟಿತು. 1931ರಲ್ಲಿ ಫ್ರಾಯ್ಡರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಇಲ್ಲಿಂದ ದಂತದ ವಿಷ್ಣುವಿನ ಮೂರ್ತಿ ಹೋಯಿತು. 1933ರಲ್ಲಿ ಕಾರ್ಮೈಕಲ್ ವೈದ್ಯಕಾಲೇಜಿನಲ್ಲಿ, ಅಂದರೆ ಇಂದಿನ ಆರ್. ಜಿ. ಕರ್‌ನಲ್ಲಿ, ಮಾನಸಿಕ ತೊಂದರೆಯವರಿಗೆ ಹೊರರೋಗಿ ವಿಭಾಗ ತೆರೆಯಿತು. ಹುಚ್ಚಾಸ್ಪತ್ರೆಯ ಗೋಡೆಯೊಳಗೆ ಹೋಗದೆ, ಜ್ವರಕ್ಕೆ ಹೋದಂತೆ ಹೋಗಿ ಚೀಟಿ ಮಾಡಿಸಿಕೊಂಡು ಬೇಸರದ ವಿಷಯ ಹೇಳಬಹುದಾದ ಜಾಗ.

ಈ ಕಥೆಗೆ ಮೈಸೂರಿನ ಕೊಂಡಿಯೊಂದಿದೆ. ಕಲ್ಕತ್ತಾದಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ಸಿದ್ಧಪಡಿಸಿದ್ದವರು ದಾರ್ಶನಿಕ ಬ್ರಜೇಂದ್ರನಾಥ ಸೀಲ್. ಅವರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಮುಂದೆ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟವರೂ ಅವರೇ. 1928ರಲ್ಲಿ ಆರೋಗ್ಯ ಕೆಟ್ಟ ರವೀಂದ್ರರು ಬೆಂಗಳೂರಿನ ಬಾಲಬ್ರೂಯಿಯಲ್ಲಿ ಸೀಲ್ ಅವರ ಜೊತೆ ತಂಗಿದ್ದರು. 'ಶೇಷೇರ್ ಕವಿತಾ' ಕಾದಂಬರಿಯನ್ನು ಅಲ್ಲೇ ಮುಗಿಸಿದರು. ಅದೇ ಆಸುಪಾಸಿನಲ್ಲಿ, ಅರುವತ್ತೇಳರ ವಯಸ್ಸಿನಲ್ಲಿ, ಹಸ್ತಪ್ರತಿಯ ಕಾಟುಗಳ ಮೇಲೆ ಗೀಚುತ್ತ ಗೀಚುತ್ತ ಚಿತ್ರ ಬರೆಯುವುದನ್ನು ಹಿಡಿದರು. ಎರಡು ವರ್ಷದಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ.

ಗಿರೀಂದ್ರಶೇಖರರ ಅಣ್ಣ ರಾಜಶೇಖರ ಬೋಸ್, 'ಪರಶುರಾಮ' ಹೆಸರಿನಲ್ಲಿ ಬಂಗಾಳವನ್ನು ನಗಿಸಿದವರು. ಅವರು ಕೊಟ್ಟ ತಿಲ್ಜಲಾದ ಜಾಗದಲ್ಲಿ 1940ರಲ್ಲಿ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆ ಶುರುವಾಯಿತು. 1942ರಲ್ಲಿ ಮಾತು ನಿಂತುಹೋದ ಕವಿ ನಜ್ರುಲ್ ಇಸ್ಲಾಂ ಅವರನ್ನು ಕರೆತಂದದ್ದು ಅಲ್ಲಿಗೇ. ಅವರು ಗುಣವಾಗಲಿಲ್ಲ. ಎಲ್ಲ ಕತ್ತಲೂ 'ಫಾಲ್ಗುಣಿ'ಯಲ್ಲಿ ಮುಗಿಯುವುದಿಲ್ಲ.

ಇಂದು ಲುಂಬಿನಿ ಪಾರ್ಕ್ ಸರ್ಕಾರಿ ಆಸ್ಪತ್ರೆ. ಗುಣವಾಗಿಯೂ ಮನೆಗೆ ಹೋಗಲಾರದವರು ಅಲ್ಲಿಯೂ ನಗರದ ಪಾವ್‌ಲೊವ್ ಆಸ್ಪತ್ರೆಯಲ್ಲಿಯೂ ವರ್ಷಗಟ್ಟಲೆ ಉಳಿದಿದ್ದಾರೆ. ಕೆಲವರಿಗೆ ಮನೆಯ ವಿಳಾಸ ನೆನಪಿಲ್ಲ. ಕೆಲವರ ವಿಳಾಸ ಸರಿಯಾಗಿಯೇ ಇದೆ, ಬಾಗಿಲು ತೆರೆಯುವುದಿಲ್ಲ. ಮನೆಯವರು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಎಲ್ಲಿಗೆ ಕಳಿಸಬೇಕು ಎಂಬುದು ಉಳಿಯುವ ಪ್ರಶ್ನೆ. ರತ್ನಾಬೋಲಿ ರೇ ಕಟ್ಟಿದ 'ಅಂಜಲಿ' ಸಂಸ್ಥೆ ಪಾವ್‌ಲೊವ್ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಘಟಕವನ್ನೂ ಚಹಾದಂಗಡಿಯನ್ನೂ ನಡೆಸಲು ಅಲ್ಲಿನವರಿಗೇ ಕಲಿಸಿತು, ಸಂಬಳದ ಕೆಲಸವಾಗಿ. 2022ರಲ್ಲಿ ಬೊಂಡೆಲ್ ರಸ್ತೆಯಲ್ಲಿ ಸರ್ಕಾರದ ನೆರವಿನಿಂದ 'ಪ್ರತ್ಯಯ' ಎಂಬ ಮನೆ ತೆರೆಯಿತು, ಆಸ್ಪತ್ರೆಗೂ ಊರಿಗೂ ನಡುವಿನ ತಂಗುದಾಣವಾಗಿ. ಕನ್ನಡಿಗರಿಗೆ ಆ ಪದ ವ್ಯಾಕರಣದ ಪಾಠದಲ್ಲಿ ಮಾತ್ರ ಸಿಗುತ್ತದೆ. ಬಂಗಾಳಿಯಲ್ಲಿ ಅದಕ್ಕೆ ನಂಬಿಕೆ ಎಂದರ್ಥ. ಅಲ್ಲಿಗೆ ಬಂದವರು ಅಡುಗೆ ಮಾಡಿಕೊಳ್ಳುತ್ತಾರೆ, ಪೇಟೆಗೆ ಹೋಗುತ್ತಾರೆ, ಕೆಲಸ ಹುಡುಕುತ್ತಾರೆ. ಯಾರಾದರೂ ವಿಳಾಸ ಕೇಳಿದರೆ ಬರೆದುಕೊಡಲು ಒಂದು ಮನೆ ನಂಬರು ಇದೆ.